ಬೆಂಡಾದ ಅಣ್ಣನ ಅಳತೆ

ಬಹಳ ಬಹಳ ಹಿಂದೆ, ಕೆರೆಗಳು ಕೂಗಿದರೆ ಓಗೊಡುತ್ತಿದ್ದ ಕಾಲದಲ್ಲಿ, ಹಂಸಗೆರೆ ಎಂಬೊಂದು ರಾಜ್ಯವಿತ್ತು. ರಾಜ್ಯವೆಂದರೆ ಭಾರಿ ದೊಡ್ಡದೇನಲ್ಲ. ಒಂದು ಕೋಟೆ, ಕೋಟೆಯ ಮುಂದೆ ಕಣ್ಣು ಹಾಯುವಷ್ಟು ದೂರ ಹರಡಿದ ಕೆರೆ, ಕೆರೆಯ ದಂಡೆಯಲ್ಲಿ ಒಂದು ಕುಂಬಾರಗೇರಿ. ರಾಜ ಒಂದು ಮೂಲೆಯಲ್ಲಿ ಸೀನಿದರೆ ಇನ್ನೊಂದು ಮೂಲೆಯವರು "ಚಿರಂಜೀವಿ" ಎನ್ನುವಷ್ಟು ಚಿಕ್ಕ ರಾಜ್ಯ. ಆದರೆ ಅಲ್ಲಿಯ ಜನ ಮಹಾ ಮಾತುಗಾರರು. ಅವರ ಊಟ ಮುಗಿಯುತ್ತಿತ್ತು, ಮಾತು ಮುಗಿಯುತ್ತಿರಲಿಲ್ಲ.

ಒಂದು ವರ್ಷ ಆ ಕೆರೆಗೆ ಎಲ್ಲಿಂದಲೋ ಒಂದು ನಡುಗಡ್ಡೆ ತೇಲಿ ಬಂತು. ಅದರಲ್ಲಿ ಮಣ್ಣಿಲ್ಲ, ಕಲ್ಲಿಲ್ಲ. ಆಪಿನ ಹುಲ್ಲು, ಒಣಸೋರೆ, ಬೆಂಡು, ಹಕ್ಕಿಯ ಗರಿ, ಇಂಥ ತೇಲುವ ವಸ್ತುಗಳೇ ಒಂದಕ್ಕೊಂದು ಹೆಣೆದುಕೊಂಡು ಆದ ನಡುಗಡ್ಡೆ. ಅದರ ಮೇಲೆ ನುಡಿಹಿಡುಕ ಎಂಬ ಮಾಂತ್ರಿಕ ಕೂತಿದ್ದ. ಅವನು ಬಂದವನೇ ಕೆರೆಯ ಮೇಲೆ ಕೈಯಾಡಿಸಿ, "ಈ ನೀರಿನ ಗಾಳಿ ಬೀಸುವಷ್ಟು ದೂರ ಯಾರು ಏನು ಆಡಿದರೂ ಅಕ್ಷರಕ್ಷರ ಹಾಗೆಯೇ ಆಗಲಿ" ಎಂದುಬಿಟ್ಟ.

ಅಷ್ಟೇ, ಹಂಸಗೆರೆಯವರ ಗ್ರಹಚಾರ ಶುರುವಾಯಿತು. ಉಪಾಯಕ್ಕೆಂದು ಆಡಿದ್ದು ಆಗುತ್ತಿರಲಿಲ್ಲ, ಮನಸ್ಸಿನಿಂದ ತಾನಾಗಿ ಬಾಯಿಗೆ ಬಂದದ್ದು ಮಾತ್ರ ಆಗುತ್ತಿತ್ತು. ಅರಮನೆಯ ಅಡುಗೆಯವನು ಪಕ್ಕದ ಮನೆಯ ಹೊಸ ಹಂಡೆ ನೋಡಿ "ಹೊಟ್ಟೆ ಉರೀತದೆ" ಅಂದ. ಅವನ ಹೊಕ್ಕುಳಿಂದ ಹೊಗೆ ಬಂತು. ಮಾಂತ್ರಿಕನನ್ನು ಓಡಿಸಿ ಎಂದು ಜನ ಮೊರೆಯಿಟ್ಟಾಗ ರಾಜ "ಏನು ಮಾಡಲಿ, ನನ್ನ ಕೈ ಕಟ್ಟಿಹಾಕಿದ್ದಾನೆ" ಅಂದ. ಎಲ್ಲಿಂದಲೋ ಹಗ್ಗ ಬಂದು ಅವನ ಎರಡೂ ಕೈ ಕಟ್ಟಿಹಾಕಿತು. ಆಮೇಲೆ ರಾಣಿಯೇ ಅವನಿಗೆ ತುತ್ತು ಮಾಡಿ ತಿನ್ನಿಸಬೇಕಾಯಿತು. ಕೆರೆಯ ಮೆಟ್ಟಿಲು ಕಾಯುತ್ತಿದ್ದ ಕೊಂಡಯ್ಯ ಮೊಣಕಾಲುದ್ದ ನೀರಲ್ಲಿ ನಿಂತು "ಥೂ, ನಂದೊಂದು ನಾಯಿಪಾಡು" ಅಂದ. ಕೂಡಲೇ ನೀರುನಾಯಿಯಾದ. ಮಾಂತ್ರಿಕ ಅವನನ್ನು ಹಿಡಿದು ತನ್ನ ನಡುಗಡ್ಡೆಯ ಬಾವಿ ಕಾಯಲು ಇಟ್ಟುಕೊಂಡ.

ಎಲ್ಲಕ್ಕಿಂತ ಪೇಚಿಗೆ ಬಿದ್ದವರು ನೆಂಟರು. ನಮ್ಮಲ್ಲಿ ಹೊರಡುವಾಗ ಯಾರಾದರೂ "ಹೋಗ್ತೀನಿ" ಅನ್ನುತ್ತಾರೆಯೇ? "ಬರ್ತೀನಿ" ಅನ್ನುತ್ತಾರೆ. ಹಂಸಗೆರೆಯಲ್ಲಿ ಹಾಗೆಂದವರ ಕಾಲು ಹೊಸಲು ದಾಟುತ್ತಿದ್ದಂತೆ ಗಿರಕ್ಕನೆ ತಿರುಗಿ ಮತ್ತೆ ಒಳಗೆ ಬರುತ್ತಿತ್ತು. ಒಂದು ಮನೆಗೆ ಸೀಮಂತಕ್ಕೆ ಬಂದ ಸೋದರತ್ತೆ ಮಗುವಿನ ನಾಮಕರಣ ಮುಗಿದರೂ ಅಲ್ಲೇ ಇದ್ದಳು. ಕೊನೆಗೆ ಜನ ಗಟ್ಟಿ ಮನಸ್ಸು ಮಾಡಿ "ಹೋಗ್ತೀನಿ" ಅನ್ನುವುದನ್ನು ಕಲಿತರು. ಹಾಗೆ ಅಂದವರಿಗೂ ಕೇಳಿದವರಿಗೂ ಕಣ್ಣು ತುಂಬುತ್ತಿತ್ತು. ಊರಿನಲ್ಲಿ ಮಾತು ದಿನದಿನಕ್ಕೆ ಕಡಿಮೆಯಾಯಿತು.

ಆ ಕುಂಬಾರಗೇರಿಯಲ್ಲಿ ದೇವೀರಿ ಎಂಬ ಹುಡುಗಿಯಿದ್ದಳು. ತಾಯಿತಂದೆ ಇಲ್ಲ. ಅಣ್ಣ ಮಾದಯ್ಯನೇ ಅವಳನ್ನು ಬೆನ್ನ ಮೇಲೆ ಹೊತ್ತು ಬೆಳೆಸಿದ್ದ. ಅವಳು ಚಿಕ್ಕವಳಿದ್ದಾಗ ದುಂಡುದುಂಡಗೆ ಇದ್ದಳೆಂದು ಅವಳನ್ನು "ಕುಡಿಕೆ" ಎಂದು ಕರೆಯುತ್ತಿದ್ದ. ಅವಳು ಆಳೆತ್ತರ ಬೆಳೆದು ಅವನ ತಲೆ ನರೆತರೂ ಅವನ ಬಾಯಲ್ಲಿ ಅವಳು ಕುಡಿಕೆಯೇ. ಅಣ್ಣ ಕೆರೆಯಿಂದ ಜೇಡಿಮಣ್ಣು ಹೊತ್ತು ತಂದು, ಹಾಡು ಹೇಳುತ್ತ ತುಳಿದು ಹದ ಮಾಡುತ್ತಿದ್ದ. ತಂಗಿ ತಿಗರಿಯ ಮೇಲೆ ಮಡಕೆ ಮಾಡುತ್ತಿದ್ದಳು. ಸೀಮೆಯಲ್ಲೆಲ್ಲ ಅವಳ ಕೈಯ ಮಡಕೆಗೆ ಹೆಸರಿತ್ತು.

ಒಂದು ದಿನ ಮಧ್ಯಾಹ್ನ ಮಾದಯ್ಯ ಎಂಟನೇ ಮಂಕರಿ ಮಣ್ಣು ಹೊತ್ತು ದಂಡೆ ಹತ್ತುತ್ತಿದ್ದ. ಬಿಸಿಲು ನೆತ್ತಿ ಸುಡುತ್ತಿತ್ತು. ದೇವೀರಿ ಮೇಲೆ ನಿಂತು, "ಅಣ್ಣ, ಇನ್ನೊಂದೇ ಒಂದು ಮಂಕರಿ ತಂದ್ಬಿಡು. ಸುಡೋ ಆವಿಗೆ ತುಂಬೋಷ್ಟು ಮಡಕೆ ಆಗುತ್ತೆ" ಅಂದಳು.

ಮಾದಯ್ಯ ನಕ್ಕ. ನಗುತ್ತ, ಯೋಚನೆಯೇ ಇಲ್ಲದೆ, "ಆಗಲ್ಲ ಕಣೇ ಕುಡಿಕೆ, ಹೊತ್ತೂ ಹೊತ್ತೂ ಬೆಂಡಾಗೋದೆ" ಅಂದ.

ದಣಿದವರು ಯಾರು ತಾನೇ ಹಾಗನ್ನುವುದಿಲ್ಲ? ಆದರೆ ಅದು ಹಂಸಗೆರೆ. ಬಾಸಿಂಗ ಮಾಡುವ ಬಿಳಿ ಬೆಂಡು ಗೊತ್ತಲ್ಲ, ಹತ್ತಿಗಿಂತ ಹಗುರ, ನೀರಿಗೆ ಹಾಕಿದರೆ ಎಲೆಯ ಹಾಗೆ ತೇಲುವಂಥದ್ದು, ಮಾದಯ್ಯ ಆ ಬೆಂಡೇ ಆಗಿಹೋದ. ಒಂದು ಗೇಣು ಎತ್ತರದ ಬೊಂಬೆ. ಬಾಗಿದ ಬೆನ್ನು, ಎತ್ತಿದ ಕೈ, ತಲೆಯ ಮೇಲೆ ಮಂಕರಿ, ಮುಖದಲ್ಲಿ ಅರ್ಧ ನಗು. ಗಾಳಿಗೆ ಹಾರಿಹೋಗುವಷ್ಟರಲ್ಲಿ ದೇವೀರಿ ಓಡಿ ಬಂದು ಹಿಡಿದುಕೊಂಡಳು. ಇನ್ನೊಂದು ಮಂಕರಿ ಎಂದ ನಾಲಿಗೆಯನ್ನು ಕಚ್ಚಿಕೊಂಡು ಅತ್ತಳು. ಅಷ್ಟು ಅತ್ತು, ಬೊಂಬೆಯನ್ನು ಮಡಿಲಿಗೆ ಹಾಕಿಕೊಂಡು ಹರಿಗೋಲು ಹತ್ತಿ ನೆಟ್ಟಗೆ ನಡುಗಡ್ಡೆಗೆ ಹೋದಳು.

"ನಮ್ಮಣ್ಣನ್ನ ವಾಪಸ್ ಕೊಡಿ ಬುದ್ಧಿ" ಅಂದಳು.

ನುಡಿಹಿಡುಕ ಉದ್ದಗೆ, ತೆಳ್ಳಗೆ ಇದ್ದ. ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದ. "ಅವನನ್ನು ನಾನು ತೆಗೆದುಕೊಂಡಿಲ್ಲ. ಬೆಂಡಾದೆ ಎಂದು ಅವನೇ ಹೇಳಿದ. ಹೇಳಿದ್ದು ಆಯಿತು."

"ಮಾತಿಗೆ ಅಂದದ್ದು ಬುದ್ಧಿ."

"ಮಾತಿಗೆ ಎಂದರೇನು? ಮಾತು ಮಾತೇ" ಎಂದ ಮಾಂತ್ರಿಕ. ಆಮೇಲೆ ತನ್ನ ಬಾವಿಯ ಕಡೆ ಕೈ ತೋರಿಸಿದ. "ಇದು ಜೀವದ ನೀರು. ಈ ಬೊಂಬೆಯ ಮೈ ಎಷ್ಟಿದೆಯೋ ಅಷ್ಟೇ ಗಾತ್ರದ ನೀರನ್ನು ಅಳೆದು ಇವನ ಮೇಲೆ ಸುರಿ. ಎದ್ದು ಬರುತ್ತಾನೆ. ಒಂದು ಹನಿ ಹೆಚ್ಚಾಗಬಾರದು. ಒಂದು ಹನಿ ಕಡಿಮೆಯಾಗಬಾರದು. ಮೂರು ದಿನ, ಮೂರು ಅಳತೆ. ಮೊದಲನೆಯದು ತಪ್ಪಿದರೆ ಇವನ ಹಾಡು ನನ್ನದು. ಎರಡನೆಯದು ತಪ್ಪಿದರೆ ಇವನು ನಿನ್ನನ್ನು ಕರೆಯುವ ಹೆಸರು ನನ್ನದು. ಮೂರನೆಯದು ತಪ್ಪಿದರೆ ಇವನು ಎಂದೆಂದಿಗೂ ಬೆಂಡು. ಇನ್ನೊಂದು ಮಾತು. ಇದು ತೇಲುವ ನಡುಗಡ್ಡೆ. ಮುಳುಗುವ ವಸ್ತು ಯಾವುದನ್ನೂ ಇಲ್ಲಿಗೆ ತರಬಾರದು."

"ಮಣ್ಣಿನ ಗಡಿಗೆ ತರಬಹುದಾ?"

ಮಾಂತ್ರಿಕ ಸ್ವಲ್ಪ ಯೋಚಿಸಿದ. "ಬರಿಯ ಗಡಿಗೆ ತೇಲುತ್ತದೆ. ತಾ."

ದೇವೀರಿ ಮನೆಗೆ ಬಂದು ಬೊಂಬೆಯನ್ನು ಮುಂದೆ ಇಟ್ಟುಕೊಂಡು ನೋಡಿದಳು. ಅದನ್ನು ಗೇಣಲ್ಲಿ ಅಳೆಯೋಣವೆಂದರೆ ಎಲ್ಲಿಂದ ಎಲ್ಲಿಗೆ ಅಳೆಯುವುದು? ಮೂಗು ಒಂದು ಕಡೆ, ಮೊಣಕೈ ಒಂದು ಕಡೆ, ಮಂಕರಿಯ ಬಿದಿರಿನ ಹೆಣಿಗೆ ಬೇರೆ. ಆದರೆ ಅವಳು ಕುಂಬಾರರ ಮಗಳು. ತುಂಬಿದ ಗಡಿಗೆಗೆ ಕೈ ಹಾಕಿದರೆ ಕೈಯಷ್ಟೇ ನೀರು ಹೊರಗೆ ಚೆಲ್ಲುತ್ತದೆ ಎನ್ನುವುದು ಕುಂಬಾರಗೇರಿಯ ಹಸುಗೂಸಿಗೂ ಗೊತ್ತು. ಅಣ್ಣ ತಂದಿದ್ದ ಕೊನೆಯ ಮಣ್ಣಿನಲ್ಲಿ ಅವಳು ಒಂದು ಗಡಿಗೆ ಮಾಡಿದಳು. ಅದರ ಕಂಠದ ಕೆಳಗೆ ಕಿರುಬೆರಳು ಹಿಡಿಸುವಂಥ ಒಂದು ಮೂತಿ ಇಟ್ಟಳು. ಮೂತಿಯಿಂದ ಇಳಿದ ನೀರು ಹಿಡಿಯಲು ಎರಡು ಕುಡಿಕೆ ಮಾಡಿದಳು. ಎಲ್ಲವನ್ನೂ ಒಣಗಿಸಿ ಸುಟ್ಟು, ಹರಿಗೋಲಲ್ಲಿ ಇಟ್ಟುಕೊಂಡು ಹೊರಟಳು.

ಮೊದಲನೆಯ ದಿನ.

ನೀರುನಾಯಿ ಕೊಂಡಯ್ಯ ಬಾವಿಯಿಂದ ನೀರು ಸೇದಿ ಕೊಟ್ಟ. ದೇವೀರಿ ಗಡಿಗೆಗೆ ನೀರು ತುಂಬಿದಳು. ಹೆಚ್ಚಾದದ್ದು ಮೂತಿಯಿಂದ ಇಳಿದು, ತೊಟ್ಟಿಕ್ಕಿ, ನಿಂತಿತು. ಆಗ ಕುಡಿಕೆಯನ್ನು ಮೂತಿಯ ಕೆಳಗೆ ಹಿಡಿದು, ಅಣ್ಣನನ್ನು ಮೆಲ್ಲನೆ ನೀರಿಗೆ ಬಿಟ್ಟಳು. ಅಣ್ಣ ಒಂದು ಮಗ್ಗುಲಾಗಿ ಮಲಗಿ ಹಾಯಾಗಿ ತೇಲಿದ. ಮೂತಿಯಿಂದ ಹತ್ತು ಹನಿ ಬಿತ್ತು. ಹನ್ನೊಂದನೆಯದು ಬೀಳಲಿಲ್ಲ.

"ಇಷ್ಟೇನಾ?" ಎಂದುಕೊಂಡಳು. ಇಷ್ಟೇ ಇರಬೇಕು ಎಂದು ಅದನ್ನು ಅವನ ಮೇಲೆ ಸುರಿದಳು. ಬೊಂಬೆಯ ಎರಡು ಪಾದಗಳಿಗೆ ಜೀವ ಬಂತು. ಹೆಬ್ಬೆರಳು ಅಲುಗಿತು. ಅವಳು ಸಂತೋಷದಿಂದ ಕಿರುಚುವಷ್ಟರಲ್ಲಿ ಆ ಪಾದಗಳು ಮತ್ತೆ ಬೆಳ್ಳಗಾಗಿ ಬೆಂಡಾದವು.

"ನೀರಿನ ಮೇಲೆ ಉಳಿದವನನ್ನು ನೀನು ಅಳೆಯಲೇ ಇಲ್ಲ" ಎಂದ ಮಾಂತ್ರಿಕ. ಬೊಂಬೆಯ ಬಾಯಿಂದ ಒಂದು ಹಳದಿ ಹಕ್ಕಿ ಹಾರಿ ಬಂದು ಮಾಂತ್ರಿಕನ ಪಂಜರದೊಳಗೆ ಕೂತು, ಮಣ್ಣು ತುಳಿಯುವ ಹಾಡು ಹಾಡತೊಡಗಿತು. ದೇವೀರಿ ಕಿವಿ ಮುಚ್ಚಿಕೊಂಡು ಹರಿಗೋಲು ಹತ್ತಿದಳು.

ಎರಡನೆಯ ದಿನ.

ಈ ಸಲ ಅವಳು ತಯಾರಾಗಿಯೇ ಬಂದಿದ್ದಳು. ಅಣ್ಣ ತೇಲಿದರೆ ಒತ್ತಿ ಮುಳುಗಿಸಿದರಾಯಿತು. ಗಡಿಗೆ ತುಂಬಿದಳು. ತೊಟ್ಟಿಕ್ಕುವುದು ನಿಂತಿತು. ಅಣ್ಣನನ್ನು ಅಂಗೈಯಲ್ಲಿ ಅದುಮಿ ಹಿಡಿದು, ಮಂಕರಿಯ ತುದಿಯೂ ಕಾಣದಂತೆ ನೀರೊಳಗೆ ಒತ್ತಿದಳು. ಬೆಂಡು ಮೇಲೇಳಲು ನೋಡಿತು. ಇವಳು ಬಿಡಲಿಲ್ಲ. ಚಿಕ್ಕಂದಿನಲ್ಲಿ ಕೆರೆಯಲ್ಲಿ ಈಜು ಕಲಿಸುವಾಗ ಅಣ್ಣ ಅವಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೋ ಅಷ್ಟೇ ಬಿಗಿಯಾಗಿ ಹಿಡಿದುಕೊಂಡಳು. ಮೂತಿಯಿಂದ ನೀರು ಧಾರೆಯಾಗಿ ಸುರಿದು ಕುಡಿಕೆ ತುಂಬಿತು.

ಆ ನೀರನ್ನು ಸುರಿದಾಗ ಪಾದ ಬಂತು, ಮೊಣಕಾಲು ಬಂತು, ಎದೆ ಬಂತು, ಮುಖ ಬಂತು. ಅಣ್ಣ ಕಣ್ಣು ಬಿಟ್ಟ. ಅವಳ ಮುಖ ನೋಡಿದ. ಆದರೆ ಕುಡಿಕೆಯಲ್ಲಿ ಇನ್ನೂ ನೀರಿತ್ತು, ಅದು ಅವಳ ಕೈ ಮೀರಿ ತಾನಾಗಿಯೇ ಸುರಿಯುತ್ತ ಹೋಯಿತು. ಹೆಚ್ಚಾದ ನೀರಿಗೆ ಅವನ ಮೈಯಲ್ಲಿ ಜಾಗವಿರಲಿಲ್ಲ. ಅವನ ಕಣ್ಣು ಮಬ್ಬಾಯಿತು, ಮುಖ ಬಿಳುಪಾಯಿತು, ಅವನು ಮತ್ತೆ ಬೊಂಬೆಯಾದ. ಬಾಯಿಂದ ಒಂದು ಪುಟ್ಟ ಚಿಟ್ಟೆ ಹೊರಬಂದು ಪಂಜರದೊಳಗೆ ಹೋಯಿತು. ಅದರ ರೆಕ್ಕೆ ಬಡಿದಾಗಲೆಲ್ಲ "ಕುಡಿಕೆ, ಕುಡಿಕೆ" ಎಂದು ಕೇಳಿಸುತ್ತಿತ್ತು.

ದೇವೀರಿಗೆ ಅಳುವುದಕ್ಕೂ ಆಗಲಿಲ್ಲ. ಬೊಂಬೆಯನ್ನು ಎತ್ತಿಕೊಂಡು, ತಲೆ ಕೆಟ್ಟವಳ ಹಾಗೆ, ಅಭ್ಯಾಸಬಲದಿಂದ "ಬರ್ತೀನಿ" ಎಂದು ಹೇಳಿ ಹೊರಟಳು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಕಾಲುಗಳು ಗಿರಕ್ಕನೆ ತಿರುಗಿ ಮಾಂತ್ರಿಕನ ಮುಂದೆ ಬಂದು ನಿಂತವು. ಅವಳು ನೋಡಿದಳು. ನುಡಿಹಿಡುಕ ಕುಳಿತಲ್ಲಿಂದ ಎದ್ದುಬಿಟ್ಟಿದ್ದ. ಅವನ ಒಣಗಿದ ಮುಖ ಜಾತ್ರೆಗೆ ಹೊರಟ ಮಗುವಿನ ಮುಖದ ಹಾಗೆ ಅರಳಿತ್ತು.

"ಬಂದೆಯಾ?" ಎಂದ.

"ಕಾಲು ಕರ್ಕೊಂಡು ಬಂತು ಬುದ್ಧಿ."

ಅವನ ಮುಖ ಮತ್ತೆ ಒಣಗಿತು. "ಹಾಗಾದರೆ ಹೋಗುತ್ತೇನೆ ಎಂದು ಹೇಳಿ ಹೋಗು" ಎಂದು ಬೆನ್ನು ತಿರುಗಿಸಿ ಕೂತ.

ಹರಿಗೋಲಿನವರೆಗೂ ನೀರುನಾಯಿ ಜೊತೆಗೆ ಬಂದ. "ಅದ್ಯಾಕೆ ಕೊಂಡಣ್ಣ ಹಂಗೆ ನೋಡಿದ್ರು?" ಎಂದು ದೇವೀರಿ ಕೇಳಿದಳು.

ಕೊಂಡಯ್ಯ ಮೀಸೆಯ ನೀರು ಕೊಡವಿಕೊಂಡ. "ಅವ್ನು ಐದು ವರ್ಷದ ಕೂಸಾಗಿದ್ದಾಗ ಅವ್ರವ್ವ ಇವನ್ನ ಒಂದು ಕೆರೆ ದಂಡೇಲಿ ಕೂರಿಸಿ, ಬರ್ತೀನಿ ಮಗಾ ಅಂತ ಹೇಳಿ ಹೋದ್ಳಂತೆ. ಬರಲೇ ಇಲ್ಲ. ಯಾಕೆ ಬರಲಿಲ್ವೋ, ಅವಳಿಗೇನಾಯ್ತೋ, ಇವನಿಗೂ ಗೊತ್ತಿಲ್ಲ. ಅವತ್ತಿಂದ ಆಡಿದ್ದು ಆಗಲೇಬೇಕು ಅಂತ ಮಂತ್ರ ಕಲ್ತ. ನಿದ್ದೇಲಿ ಒಂದೊಂದ್ಸಲ ಹೇಳ್ಕೊತಾನೆ, ನಾನು ಕೇಳಿಸ್ಕೊಂಡಿದೀನಿ."

ದೇವೀರಿ ಹಿಂತಿರುಗಿ ನೋಡಿದಳು. ಆಪಿನ ಹುಲ್ಲಿನ ನಡುವೆ ಆ ತೆಳ್ಳನೆಯ ಬೆನ್ನು ಕಾಣುತ್ತಿತ್ತು. ಅವನ ಮೇಲೆ ಅವಳಿಗೆ ಬೇಕಾದಷ್ಟು ಕೋಪವಿತ್ತು. ಆದರೂ ಪಾಪ ಅನ್ನಿಸಿತು. ಎರಡೂ ಒಟ್ಟಿಗೆ ಇರಬಹುದು ಎನ್ನುವುದು ಅವಳಿಗೂ ಅವತ್ತೇ ಗೊತ್ತಾದದ್ದು.

"ನಾಳೆ ಕೊನೆ ದಿನ ಕೊಂಡಣ್ಣ. ಇವತ್ತು ಪೂರ್ತಿ ಮುಳುಗಿಸಿದೆ. ಆದ್ರೂ ಯಾಕೆ ತಪ್ಪಾಯ್ತು?"

"ನಿನ್ನ ಕೈ ಎಲ್ಲಿತ್ತವ್ವಾ?"

"ಅಣ್ಣನ್ನ ಹಿಡ್ಕೊಂಡಿತ್ತು."

"ನೀರೊಳಗೇ ಅಲ್ವಾ? ನೀರಿಗೆ ನಿನ್ನ ಕೈಯೂ ಒಂದೇ, ನಿಮ್ಮಣ್ಣನೂ ಒಂದೇ. ಎರಡನ್ನೂ ಸೇರಿಸಿ ಚೆಲ್ತು."

ದೇವೀರಿ ತನ್ನ ಅಂಗೈ ನೋಡಿಕೊಂಡಳು. ತುಂಬಿದ ಗಡಿಗೆಗೆ ಕೈ ಹಾಕಿದರೆ ಕೈಯಷ್ಟೇ ನೀರು ಚೆಲ್ಲುತ್ತದೆ. ಹಸುಗೂಸಿಗೂ ಗೊತ್ತಿದ್ದದ್ದು ಅವಳಿಗೆ ಆ ಹೊತ್ತಿನಲ್ಲಿ ಮರೆತುಹೋಗಿತ್ತು. ಹಿಡಿದುಕೊಂಡರೆ ಅಳತೆ ತಪ್ಪುತ್ತದೆ. ಬಿಟ್ಟರೆ ಅಣ್ಣ ತೇಲುತ್ತಾನೆ. ಮನೆ ಸೇರುವವರೆಗೂ ಅವಳಿಗೆ ಅದೇ ಯೋಚನೆ.

ಮೂರನೆಯ ದಿನ.

ಬೆಳಗಾಗುತ್ತಲೇ ಅವಳು ನಡುಗಡ್ಡೆಗೆ ಬಂದಳು. ಅಣ್ಣನನ್ನು ಕೆಳಗೆ ಎಳೆದುಕೊಂಡು ಹೋಗುವ ಏನಾದರೂ ಬೇಕಿತ್ತು. ಅಲ್ಲಿದ್ದದ್ದನ್ನೆಲ್ಲ ತಡಕಿದಳು. ಸೋರೆಬುರುಡೆ ತೇಲಿತು. ಆಪಿನ ಬೇರು ತೇಲಿತು. ಕಲ್ಲಿನ ಹಾಗೆ ಕಂಡದ್ದೊಂದನ್ನು ಕೈಗೆತ್ತಿಕೊಂಡರೆ ಅದು ಹೆಪ್ಪುಗಟ್ಟಿದ ನೊರೆ. ಹೊತ್ತು ಏರುತ್ತಿತ್ತು. ಅವಳು ಬಾವಿಯ ಪಕ್ಕ ಕುಸಿದು ಕೂತು ಅಣ್ಣನನ್ನು ಮಡಿಲಲ್ಲಿಟ್ಟುಕೊಂಡಳು. ಬೊಂಬೆಯ ಅರ್ಧ ನಗು ಹಾಗೇ ಇತ್ತು.

"ಕೊಂಡಣ್ಣ," ಅಂದಳು. ಉಪಾಯವೆಂದು ಹೇಳಿದ್ದಲ್ಲ. ಇದ್ದದ್ದನ್ನೇ ಹೇಳಿದಳು. "ಇನ್ನೊಂದು ಮಂಕರಿ ತಾ ಅಂತ ಅಂದವಳು ನಾನೇ. ಅವತ್ತಿಂದ ನನ್ನ ಎದೆ ಮೇಲೆ ಕಲ್ಲಿಟ್ಟಂಗಾಗಿದೆ."

ಧಪ್ಪನೆ ಅವಳ ಎದೆಯ ಮೇಲಿಂದ ಮಡಿಲಿಗೆ ಒಂದು ಕಲ್ಲು ಬಿತ್ತು. ಎರಡು ಮುಷ್ಟಿ ಸೇರಿಸಿದಷ್ಟು ದೊಡ್ಡದು. ಕಪ್ಪಗೆ, ನುಣ್ಣಗೆ, ಒಳ್ಳೆ ಭಾರ.

ದೇವೀರಿ ಕಲ್ಲು ನೋಡಿದಳು. ಕೊಂಡಯ್ಯ ದೇವೀರಿಯನ್ನು ನೋಡಿದ. ಇಬ್ಬರಿಗೂ ಒಂದೇ ಸಲಕ್ಕೆ ಹೊಳೆಯಿತು. ನೀರುನಾಯಿ ಬಾಲ ಬಡಿದು ಎರಡು ಲಾಗ ಹಾಕಿದ.

ಮಾಂತ್ರಿಕ ಧಾವಿಸಿ ಬಂದ. "ಮುಳುಗುವ ವಸ್ತು ತರಬಾರದು ಎಂದು ಹೇಳಿದ್ದೆ!"

"ನಾನು ತರಲಿಲ್ಲ ಬುದ್ಧಿ. ಇಲ್ಲೇ ಬಂತು. ಆಡಿದ್ದು ಆಯಿತು, ಅಷ್ಟೇ."

ನುಡಿಹಿಡುಕ ಕಲ್ಲಿನಿಂದ ದೂರ ಸರಿದು ನಿಂತ.

ದೇವೀರಿ ತನ್ನ ಜಡೆಯಿಂದ ಒಂದು ಎಳೆ ಕೂದಲು ಕಿತ್ತು, ಮಡಿಚಿ ಹುರಿ ಹೊಸೆದಳು. ಅದರಿಂದ ಕಲ್ಲನ್ನು ಬಿಗಿದು, ಹುರಿಯ ತುದಿಯನ್ನು ಅಣ್ಣನ ಪಾದಕ್ಕೆ ಮೂರು ಸುತ್ತು ಸುತ್ತಿದಳು. ಈಗ ಅಣ್ಣ ಆ ಕಲ್ಲಿನ ಮೇಲೆ ನಿಂತ ಹಾಗೆ ಕಾಣುತ್ತಿದ್ದ. ಗಡಿಗೆ ತುಂಬಿದಳು. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾದಳು. ಅಣ್ಣನ ಮಂಕರಿಯನ್ನು ಹಿಡಿದು, ಕಲ್ಲನ್ನು ಮಾತ್ರ ನೀರಿಗೆ ಇಳಿಸಿದಳು. ಅಣ್ಣನ ಪಾದ ನೀರು ಮುಟ್ಟುವ ಮುಂಚೆ ಕೈ ನಿಲ್ಲಿಸಿದಳು. ಮೂತಿಯಿಂದ ನೀರು ಸುರಿದು ಮೊದಲನೆಯ ಕುಡಿಕೆಗೆ ಬಿತ್ತು.

"ಇದು ಕಲ್ಲಿನ ನೀರು. ನನ್ನ ದುಃಖದ್ದು. ಇದು ಅಣ್ಣಂಗೆ ಬೇಡ" ಎಂದು ಆ ಕುಡಿಕೆಯನ್ನು ಪಕ್ಕಕ್ಕಿಟ್ಟಳು.

ಕೊನೆಯ ಹನಿಯೂ ಬಿದ್ದ ಮೇಲೆ ಎರಡನೆಯ ಕುಡಿಕೆಯನ್ನು ಮೂತಿಯ ಕೆಳಗೆ ಇಟ್ಟಳು. ಇನ್ನು ಉಳಿದದ್ದು ಒಂದೇ. ಹಿಡಿದ ಕೈಯನ್ನು ಬಿಡಬೇಕು. ಅವಳ ಬೆರಳು ಬಿಡಲೊಲ್ಲದು. ಈಜು ಕಲಿಸಿದ ದಿನ ನೆನಪಾಯಿತು. ಅಣ್ಣ ಎಷ್ಟೋ ಹೊತ್ತು ಬಿಗಿಯಾಗಿ ಹಿಡಿದುಕೊಂಡಿದ್ದ. ಕೊನೆಗೆ, ಅವಳಿಗೆ ಗೊತ್ತಾಗದ ಹಾಗೆ, ಮೆಲ್ಲಗೆ ಕೈ ತೆಗೆದಿದ್ದ. ಆಗಲೇ ಅಲ್ಲವೇ ಅವಳು ಈಜಿದ್ದು.

ದೇವೀರಿ ಕೈ ತೆಗೆದಳು.

ಕಲ್ಲು ಅಣ್ಣನನ್ನು ಕರೆದುಕೊಂಡು ಕೆಳಗಿಳಿಯಿತು. ಮೊಣಕಾಲು ಮುಳುಗಿತು, ಎದೆ ಮುಳುಗಿತು, ಅರ್ಧ ನಗು ಮುಳುಗಿತು, ಮಂಕರಿ ಮುಳುಗಿತು. ನೀರಿನ ಮೇಲೆ ಏನೂ ಉಳಿಯಲಿಲ್ಲ. ನೀರಿನೊಳಗೆ ಯಾರ ಕೈಯೂ ಇರಲಿಲ್ಲ. ಮೂತಿಯಿಂದ ಸಣ್ಣ ಧಾರೆಯಾಗಿ ಅಣ್ಣನ ನೀರು ಇಳಿದು, ತೊಟ್ಟಿಕ್ಕಿ, ನಿಂತಿತು.

ಅವಳು ಅಣ್ಣನನ್ನು ಎತ್ತಿ, ಹುರಿ ಬಿಚ್ಚಿ, ಕಲ್ಲನ್ನು ಮತ್ತೆ ಗಡಿಗೆಗೆ ಬಿಟ್ಟಳು. ಅಣ್ಣನನ್ನು ಆಪಿನ ಹುಲ್ಲಿನ ಮೇಲೆ ನಿಲ್ಲಿಸಿ, ಕಣ್ಣು ಮುಚ್ಚಿ, ಎರಡನೆಯ ಕುಡಿಕೆಯ ನೀರು ಸುರಿದಳು.

"ನಿಲ್ಲು! ಕೂದಲೆಳೆಯಷ್ಟು ಹೆಚ್ಚಿದೆ!" ಎಂದು ಮಾಂತ್ರಿಕ ಕೂಗಿದ. ನಿಜವೇ. ಪಾದಕ್ಕೆ ಸುತ್ತಿದ ಮೂರು ಸುತ್ತು ಕೂದಲೂ ಅಣ್ಣನ ಅಳತೆಗೆ ಸೇರಿಹೋಗಿತ್ತು.

"ಒಂದು ಹನಿ ಹೆಚ್ಚಾಗಬಾರದು ಅಂತ ತಾನೇ ತಾವು ಹೇಳಿದ್ದು? ಕೂದಲೆಳೆ ಅಂದ್ರೆ ಒಂದು ಹನೀನೂ ಇಲ್ಲ" ಎಂದ ಕೊಂಡಯ್ಯ. ಮಾತನ್ನು ಅಕ್ಷರಕ್ಷರ ಹಿಡಿಯುವವನು ಅದನ್ನು ಒಪ್ಪಲೇಬೇಕಾಯಿತು.

ಅಷ್ಟರಲ್ಲಿ ಬೊಂಬೆ ಬೆಳೆಯಿತು. ಗೇಣಿದ್ದದ್ದು ಮೊಳವಾಯಿತು, ಮೊಳವಿದ್ದದ್ದು ಆಳೆತ್ತರವಾಯಿತು. ಮಾದಯ್ಯ ತಲೆಯ ಮೇಲಿನ ಮಂಕರಿಯನ್ನು ಕೆಳಗಿಳಿಸಿ ಉಸ್ಸೆಂದ. ಅವನ ಕೈಕಾಲು, ಕಣ್ಣುಮೂಗು ಎಲ್ಲ ಸರಿಯಾಗಿತ್ತು. ನರೆತ ತಲೆಯಲ್ಲಿ ಮಾತ್ರ ಒಂದೇ ಒಂದು ಉದ್ದನೆಯ ಕರಿಕೂದಲು ಸೊಂಟದವರೆಗೆ ಇಳಿಬಿದ್ದಿತ್ತು. ಅದು ದೇವೀರಿಯದು.

"ಅಣ್ಣಾ!" ಎಂದು ಅವಳು ಅವನನ್ನು ತಬ್ಬಿಕೊಂಡಳು. "ನನ್ನ ಎದೆ ಹಗುರಾಯ್ತು ಅಣ್ಣ." ಗಡಿಗೆಯ ತಳದಲ್ಲಿದ್ದ ಕರಿಕಲ್ಲು ಬುಳಕ್ಕನೆ ಮೇಲೆ ಬಂದು ತೇಲಿತು.

ಮಾದಯ್ಯ ಅವಳ ತಲೆ ಸವರಿದ. ಏನೋ ಕರೆಯಲು ಹೋದ. ನಾಲಿಗೆಯ ತುದಿಗೆ ಬಂದದ್ದು ಸಿಗಲಿಲ್ಲ. "ಅಳಬೇಡ... ದೇವೀರಿ" ಎಂದ, ಪರವೂರಿನವನ ಹಾಗೆ. ಅವಳಿಗೆ ಚುರ್ರೆಂದಿತು, ಆದರೆ ನುಂಗಿಕೊಂಡಳು. ಅಣ್ಣ ಬಂದನಲ್ಲ, ಅಷ್ಟು ಸಾಕು.

ಮಾದಯ್ಯ ಸುತ್ತ ನೋಡಿದ. ನಡೆದದ್ದು ಒಂದೂ ಅವನಿಗೆ ಗೊತ್ತಿರಲಿಲ್ಲ. ಯಾರದೋ ಮನೆಯಂಗಳ, ಎಲ್ಲ ಕಡೆ ನೀರು ಚೆಲ್ಲಿದೆ, ಒಬ್ಬ ವಯಸ್ಸಾದ ಯಜಮಾನ ಪೆಚ್ಚುಮುಖ ಹಾಕಿಕೊಂಡು ನಿಂತಿದ್ದಾನೆ. ಇಷ್ಟೇ ಅವನಿಗೆ ಕಂಡದ್ದು. ಅವನು ಹೆಗಲ ಮೇಲಿನ ಬಟ್ಟೆ ಕೈಗೆ ತೆಗೆದುಕೊಂಡು ಬಗ್ಗಿದ. "ತಪ್ಪಾಯ್ತು ಬುದ್ಧಿ. ನಮ್ಮ ಹುಡುಗಿ ನಿಮ್ಮ ಬಾವಿ ನೀರೆಲ್ಲ ಚೆಲ್ಬಿಟ್ಟವಳೆ. ನೀವು ಕೂತ್ಕೊಳ್ಳಿ, ನಾನು ತುಂಬಿಸಿಕೊಡ್ತೀನಿ. ನಿಮ್ಮದು ಊಟ ಆಯ್ತಾ? ಮುಖ ಬಾಡೋಗಿದೆಯಲ್ಲ."

ಆ ಮಾಂತ್ರಿಕನನ್ನು ಊಟವಾಯಿತೇ ಎಂದು ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಎಷ್ಟೋ ವರ್ಷ ಒಂದೊಂದು ಮಾತನ್ನೂ ತೂಗಿ ಆಡಿದ್ದ ನುಡಿಹಿಡುಕ, ಈಗ ತೂಗುವುದನ್ನು ಮರೆತ. ಎಲ್ಲರೂ ಮಾತಾಡುವ ಹಾಗೆ, ಎದೆಯಲ್ಲಿದ್ದದ್ದು ನೇರ ಬಾಯಿಗೆ ಬಂದು, "ಅಯ್ಯೋ, ಬೇಡ ಕಣಪ್ಪಾ. ನಿನ್ನ ಮುಂದೆ ನಾನು ನಾಚಿ ನೀರಾಗಿಹೋದೆ" ಅಂದ.

ಅಂದ, ಆದ. ನೋಡನೋಡುತ್ತಿದ್ದಂತೆ ಅವನು ತಿಳಿಯಾದ ನೀರಾಗಿ ಹುಲ್ಲಿನ ಮೇಲೆ ನಿಂತ. ಮಂತ್ರ ಹಾಕಿದವನೇ ಕರಗಿದ ಮೇಲೆ ಮಂತ್ರ ಎಲ್ಲಿಯದು? ಅವನು ಮಾತ್ರ ನೀರಾಗಿಯೇ ಉಳಿದ. ಪಂಜರದ ಬಾಗಿಲು ತೆರೆದುಕೊಂಡಿತು. ಹಳದಿ ಹಕ್ಕಿ ಹಾರಿ ಬಂದು ಮಾದಯ್ಯನ ಗಂಟಲಿಗೆ ಸೇರಿತು, ಚಿಟ್ಟೆ ನಾಲಿಗೆಗೆ ಸೇರಿತು. ಕೊಂಡಯ್ಯ ಮನುಷ್ಯನಾಗಿ ನಿಂತು ತನ್ನ ಎರಡು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಅತ್ತ ಅರಮನೆಯಲ್ಲಿ ರಾಜನ ಕೈಯ ಹಗ್ಗ ಬಿಚ್ಚಿತು. ಊಟಕ್ಕೆ ಮಾತ್ರ ಅವನು ಇನ್ನೂ ಎಂಟು ದಿನ ರಾಣಿಯ ಕೈತುತ್ತನ್ನೇ ಕೇಳಿದನಂತೆ.

"ಏ ಕುಡಿಕೆ," ಅಂದ ಮಾದಯ್ಯ, "ಯಾಕೆ ಅಳ್ತೀಯ?"

ಅದನ್ನು ಕೇಳಿ ದೇವೀರಿ ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳುವನ್ನೆಲ್ಲ ಒಟ್ಟಿಗೆ ಅತ್ತಳು. ನಡುಗಡ್ಡೆ ಒಂದೊಂದೇ ಎಳೆಯಾಗಿ ಬಿಚ್ಚಿಕೊಳ್ಳತೊಡಗಿತ್ತು. ಕೊಂಡಯ್ಯ ಹರಿಗೋಲು ತಂದು ಅವಸರ ಮಾಡಿದ. ಆದರೆ ಅವಳು ಗಡಿಗೆಯ ಕಲ್ಲನ್ನು ತೆಗೆದು, ಅದರ ನೀರನ್ನು ಬಾವಿಗೆ ಸುರಿದು, ಬಗ್ಗಿ, ಹುಲ್ಲಿನ ಮೇಲೆ ನಿಂತ ಮಾಂತ್ರಿಕನನ್ನು ಬೊಗಸೆಬೊಗಸೆಯಾಗಿ ಬಳಿದು ಗಡಿಗೆಗೆ ತುಂಬಿಕೊಂಡಳು. ಒಂದು ಹನಿಯನ್ನೂ ಬಿಡಲಿಲ್ಲ. ಗಡಿಗೆ ಸರಿಯಾಗಿ ಮೂತಿಯವರೆಗೆ ತುಂಬಿತು.

ದಂಡೆಗೆ ಬಂದ ಮೇಲೆ, ಮಣ್ಣು ತೆಗೆಯುವ ಜಾಗದ ಪಕ್ಕ ಒಂದು ಹೊಂಗೆಮರದ ನೆರಳಲ್ಲಿ ಸಣ್ಣ ಗುಂಡಿಯಿತ್ತು. ಅವಳು ಆ ನೀರನ್ನು ಅದರಲ್ಲಿ ಮೆಲ್ಲಗೆ ಬಿಟ್ಟಳು.

"ಇವನಿಗೆ ಇಷ್ಟೊಂದು ಉಪಚಾರ ಯಾಕವ್ವ?" ಎಂದ ಕೊಂಡಯ್ಯ. ನೀರುನಾಯಿಯಾಗಿದ್ದವನಿಗೆ ಸಿಟ್ಟು ಇರುವುದು ಸಹಜವೇ.

"ಇವರನ್ನೂ ಯಾರೋ ಇಂಥ ದಂಡೇಲೇ ಕೂರಿಸಿ ಹೋಗಿದ್ದಲ್ವಾ ಕೊಂಡಣ್ಣ" ಅಂದಳು ದೇವೀರಿ. ಆಮೇಲೆ ಗುಂಡಿಯ ಪಕ್ಕ ಕೂತು, ನೀರಿಗೆ ಕೇಳುವ ಹಾಗೆ, "ಬರ್ತೀನಿ ಬುದ್ಧಿ" ಅಂದಳು. ಅವಳ ಕಾಲುಗಳು ತಿರುಗಲಿಲ್ಲ. ನೇರವಾಗಿ ಮನೆಯ ಕಡೆ ನಡೆದವು.

ಅವತ್ತು ಹಂಸಗೆರೆಯಲ್ಲಿ ಜನ ಗಂಟಲು ಕಟ್ಟುವವರೆಗೆ ಮಾತಾಡಿದರು. ಯಾರ ಹೊಟ್ಟೆ ಉರಿದರೂ ಹೊಗೆ ಬರಲಿಲ್ಲ. ನೆಂಟರು "ಬರ್ತೀನಿ" ಎಂದು ಬಾಯ್ತುಂಬ ಹೇಳಿ ತಮ್ಮ ತಮ್ಮ ಊರಿಗೆ ಹೋದರು. ಕೊಂಡಯ್ಯನಿಗೆ ರಾಜ ಒಣ ಜಾಗದಲ್ಲೇ ಕಾವಲಿನ ಕೆಲಸ ಕೊಟ್ಟ. ಮಾದಯ್ಯನ ಉದ್ದನೆಯ ಕರಿಕೂದಲನ್ನು ದೇವೀರಿ ಎಣ್ಣೆ ಹಚ್ಚಿ ಬಾಚಿ, ಕತ್ತರಿಸಲು ಬಿಡದೆ ಗಂಟು ಹಾಕಿದಳು. ಅವನು ದಣಿದೆ ಎಂದರೆ ಅವಳು ಇನ್ನೊಂದು ಮಂಕರಿ ಎನ್ನುತ್ತಿರಲಿಲ್ಲ, "ಕೂತ್ಕೋ ಅಣ್ಣ" ಎನ್ನುತ್ತಿದ್ದಳು. ತೇಲುವ ಕರಿಕಲ್ಲನ್ನು ಕೇರಿಯ ಮಕ್ಕಳು ಈಜು ಕಲಿಯಲು ಇಟ್ಟುಕೊಂಡರು. ಹೀಗೆ ಎಲ್ಲರೂ ಬಹುಕಾಲ ಸುಖವಾಗಿ ಬಾಳಿದರು.

ಮಾರನೆಯ ದಿನದ ಮಾತೊಂದು ಉಳಿಯಿತು. ಅವತ್ತು ದೇವೀರಿಗೆ ಕೆರೆಗೆ ಹೋಗುವ ಕೆಲಸವೇ ಇರಲಿಲ್ಲ. ಅಣ್ಣ ಮಲಗಿ ನಿದ್ದೆ ಮಾಡುತ್ತಿದ್ದ. ಮನೆಯಲ್ಲಿ ಮಣ್ಣು ಬೇಕಾದಷ್ಟಿತ್ತು. ಅವಳ ಕಾಲನ್ನು ತಿರುಗಿಸುವ ಮಂತ್ರವೂ ಇರಲಿಲ್ಲ. ಆದರೂ ಬಿಸಿಲು ಏರುವ ಮುಂಚೆ ಅವಳು ದಂಡೆ ಇಳಿದು, ಹೊಂಗೆಮರದ ನೆರಳಿಗೆ ಬಂದು, ಗುಂಡಿಯ ಪಕ್ಕ ಕೂತಳು.

"ಬಂದೆ ಬುದ್ಧಿ" ಅಂದಳು.

ಗಾಳಿಯಿರಲಿಲ್ಲ. ಆದರೂ ಆ ನೀರು ಒಂದು ಸಲ ಅಲುಗಿ, ದಡದವರೆಗೆ ಬಂದು, ಅವಳ ಪಾದ ಮುಟ್ಟಿತು.